ಪೇಟೆ, ದಂಡು ಮತ್ತು ಕಾಲ್ಚೆಂಡು



ಕನ್ನಡ ಮೇಷ್ಟರೊಬ್ಬರು ಕಾಲ್ಚೆಂಡಿನ ವಿಷಯವಾಗಿ ಮಾತನಾಡುತ್ತಾರೆಂದರೆ ತಮ್ಮಲ್ಲಿ ಕೆಲವರಿಗೆ ವಿನೋದವೆನಿಸಬಹುದು. ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿ ನಿವೃತ್ತನಾದವನಿಗೆ ಗೋಲು, ಪೆನಾಲ್ಟಿಗಳ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಚೆಂಡು ನಮ್ಮ ಕಥಾಪರಂಪರೆಗೆ ಅಪರಿಚಿತ ವಸ್ತುವೇನಲ್ಲ. ಗೋಪಾಲಕೃಷ್ಣನ ಚೆಂಡು ಯಮುನೆಯ ಮಡುವಿಗೆ ಬಿದ್ದುದರಿಂದ ಕಾಳಿಂಗಮರ್ದನದ ಕಥೆ ನಡೆಯಿತು. ಹಸ್ತಿನಾವತಿಯ ರಾಜಕುಮಾರರ ಚೆಂಡು ಬಾವಿಗೆ ಬಿದ್ದುದರಿಂದ ದ್ರೋಣಾಚಾರ್ಯರು ಆ ಅರಮನೆಯೊಳಕ್ಕೆ ಬಂದರು. ಚೆಂಡು ಕೈತಪ್ಪಿ ಹೋದಾಗಲೇ ನಮ್ಮಲ್ಲಿ ಕಥೆ ಆರಂಭವಾಗುವುದು.

ಇಂದು ನಾನು ತಮ್ಮ ಮುಂದಿಡಬಯಸುವುದು ಬೆಂಗಳೂರಿನ ಕಾಲ್ಚೆಂಡಿನ ಕಥೆಯನ್ನು. ಅಲ್ಲಿನ ಕ್ರೀಡಾಂಗಣಗಳಿಗಿಂತ ಹೆಚ್ಚಾಗಿ, ಆ ಕ್ರೀಡಾಂಗಣಗಳನ್ನು ತುಂಬಿದ ಓಣಿಗಳ ಮತ್ತು ಓಣಿಗಳು ಕಟ್ಟಿಕೊಂಡ ಕ್ಲಬ್ಬುಗಳ ಕಥೆಯನ್ನು. ಕಾಲ್ಚೆಂಡು ಎಂಬ ಮಾತು ನಮ್ಮ ಪಠ್ಯಪುಸ್ತಕಗಳಲ್ಲಿದೆ, ವೃತ್ತಪತ್ರಿಕೆಗಳ ಕ್ರೀಡಾಪುಟದಲ್ಲಿದೆ, ಆಕಾಶವಾಣಿಯ ವಾರ್ತೆಗಳಲ್ಲಿದೆ. ಮೈದಾನದಲ್ಲಿ ಮಾತ್ರ ಅದು ಕೇಳಿಬರುವುದಿಲ್ಲ. ಅಲ್ಲಿ ಆಡುವವರೂ ನೋಡುವವರೂ ಫುಟ್‌ಬಾಲ್ ಎಂದೇ ಅನ್ನುತ್ತಾರೆ. ಪುಸ್ತಕದ ಮಾತಿಗೂ ಮೈದಾನದ ಮಾತಿಗೂ ನಡುವೆ ಇರುವ ಈ ಅಂತರ ಚಿಕ್ಕದಾಗಿ ತೋರಬಹುದು. ಆದರೆ ಕನ್ನಡ ಬರೆದ ಬೆಂಗಳೂರಿಗೂ ಚೆಂಡಾಡಿದ ಬೆಂಗಳೂರಿಗೂ ನಡುವೆ ಇದ್ದ ಅಂತರ ಅದರಲ್ಲಿ ಅಡಗಿದೆ ಎಂಬುದು ನನ್ನ ಭಾವನೆ.

ನಾನು ಹುಟ್ಟಿ ಬೆಳೆದದ್ದು ಕೊಪ್ಪ ತಾಲ್ಲೂಕಿನ ಭಂಡಿಗಡಿಯಲ್ಲಿ. ನಿವೃತ್ತಿಯ ಮೇಲೆ ಮತ್ತೆ ಅಲ್ಲಿಯೇ ನೆಲೆಸಿದ್ದೇನೆ. ಮಲೆನಾಡಿನಲ್ಲಿ ಸಮತಟ್ಟಾದ ನೆಲಕ್ಕೆ ಬಲು ಬೆಲೆ. ಗುಡ್ಡದ ಮೇಲೆ ಕಾಡು, ಇಳಿಜಾರಿನಲ್ಲಿ ಮನೆ, ಕಣಿವೆಯಲ್ಲಿ ಅಡಿಕೆಯ ತೋಟ, ಅದರಾಚೆಗೆ ಗದ್ದೆ. ಇಷ್ಟಕ್ಕೆ ಭೂಮಿ ಮುಗಿದುಹೋಗುತ್ತದೆ. ಹುಡುಗರಿಗೆ ಉಳಿಯುತ್ತಿದ್ದುದು ಶಾಲೆಯ ಮುಂದಿನ ತುಂಡುನೆಲ, ಇಲ್ಲವೆ ಕೊಯ್ಲಾದ ಮೇಲೆ ಮುಂದಿನ ಉಳುಮೆಯವರೆಗಿನ ಗದ್ದೆ. ಅಡಿಕೆಮರದ ಕಂಬ ನೆಟ್ಟು ಗೋಲು ಮಾಡಿಕೊಳ್ಳುತ್ತಿದ್ದೆವು. ಆರಿದ್ರಾ ಮಳೆ ಹಿಡಿದಾಗ ಬೇರೆಲ್ಲ ಆಟಗಳೂ ನಿಂತು ಇದೊಂದೇ ನಡೆಯುತ್ತಿತ್ತು. ಮನೆಗೆ ಬಂದು ಕಾಲಿಗೆ ಹತ್ತಿದ ಉಂಬಳಗಳನ್ನು ಕಿತ್ತುಹಾಕುವುದೂ ಆಟದ ಕೊನೆಯ ಅಂಗವೆಂದೇ ಭಾವಿಸಿದ್ದೆವು. ಆಟಕ್ಕೆ ಮೊದಲು ಬೇಕಾದುದು ಚೆಂಡಲ್ಲ, ನೆಲ ಎಂಬ ತಿಳಿವಳಿಕೆ ಮಲೆನಾಡಿನ ಹುಡುಗನಿಗೆ ಯಾರೂ ಹೇಳಿಕೊಡದೆ ಬರುತ್ತದೆ. ಬೆಂಗಳೂರಿನ ವಿಚಾರವನ್ನೂ ನಾನು ಈ ನೆಲದ ದೃಷ್ಟಿಯಿಂದಲೇ ನೋಡುತ್ತ ಬಂದಿದ್ದೇನೆ.

ಬೆಂಗಳೂರಿಗೆ ಎರಡು ಜನ್ಮಗಳುಂಟು ಎಂಬುದನ್ನು ತಾವೆಲ್ಲ ಬಲ್ಲಿರಿ. ಕೆಂಪೇಗೌಡರು ಕಟ್ಟಿಸಿದ ಪೇಟೆ 1537ರದೆಂದು ವಾಡಿಕೆ. ಹಲಸೂರಿನ ಸುತ್ತ ಬ್ರಿಟಿಷರು ಸೈನ್ಯವನ್ನಿರಿಸಲು ಕಟ್ಟಿದ ದಂಡು 1809ರದು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಬಂದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಸೇರಿದುದು 1947ರಲ್ಲಿ. ಎರಡು ಊರುಗಳಿಗೂ ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ. ಅಲ್ಲಿಯವರೆಗೆ ನಡುವೆ ಕಬ್ಬನ್ ಪಾರ್ಕಿನ ಮರಗಳ ಸಾಲು. ಈ ಕಡೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ. ಆ ಕಡೆ ಶೂಲೆ, ಆಸ್ಟಿನ್ ಟೌನ್, ಮರ್ಫಿ ಟೌನ್, ಕಾಕ್ಸ್ ಟೌನ್. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಮನೆ ಈ ಕಡೆ. ಕವಾಯತಿನ ಮೈದಾನ ಆ ಕಡೆ. ನಮ್ಮ ನವೋದಯದ ಗದ್ಯದಲ್ಲಿ ಬರುವ ಬೆಂಗಳೂರು ಬಹುಮಟ್ಟಿಗೆ ಈ ಕಡೆಯ ಬೆಂಗಳೂರು. ಕಾಲ್ಚೆಂಡಿನ ಬೆಂಗಳೂರು ಬಹುಮಟ್ಟಿಗೆ ಆ ಕಡೆಯದು.

ಸೈನ್ಯದ ಹಿಂದೆ ಜನರೂ ಬಂದರು. ಅಡಿಗೆಯವರು, ಕುದುರೆ ನೋಡಿಕೊಳ್ಳುವವರು, ಬಂಡಿ ಹೊಡೆಯುವವರು, ಬಟ್ಟೆ ಒಗೆಯುವವರು, ಚರ್ಮದ ಕೆಲಸದವರು, ವ್ಯಾಪಾರಿಗಳು. ಅವರಲ್ಲಿ ಬಹುಮಂದಿ ತಮಿಳು ಸೀಮೆಯವರು. ದಖ್ಖನಿ ಉರ್ದುವನ್ನಾಡುವ ಮುಸಲ್ಮಾನರು ಅನೇಕರು. ಆಂಗ್ಲೋ-ಇಂಡಿಯನ್ ಮನೆತನಗಳೂ ಇದ್ದುವು. ಇವರ ಮಕ್ಕಳು ಸೋಲ್ಜರುಗಳ ಆಟವನ್ನು ಬೇಲಿಯ ಹೊರಗೆ ನಿಂತು ನೋಡಿದರು. ಹೊರಕ್ಕೆ ಬಂದ ಚೆಂಡನ್ನು ಒಳಕ್ಕೆ ಒದ್ದರು. ಕ್ರಮೇಣ ತಾವೇ ತಂಡ ಕಟ್ಟಿದರು. ಬೂಟಿಗೆ ಕಾಸಿರಲಿಲ್ಲ, ಬರಿಗಾಲಿನಲ್ಲಿಯೇ ಆಡಿದರು. ಬೂಟಿನ ಕಾಲಿಗೆ ಬಲವಿದ್ದರೆ ಬರಿಗಾಲಿಗೆ ಸ್ಪರ್ಶಜ್ಞಾನವಿತ್ತು. ಚೆಂಡನ್ನು ದೂರಕ್ಕೆ ಒದೆಯುವ ಬದಲು ಕಾಲಿನ ಹತ್ತಿರವೇ ಇಟ್ಟುಕೊಂಡು, ಒಬ್ಬರಿಂದೊಬ್ಬರಿಗೆ ಗಿಡ್ಡದಾಗಿ ದಾಟಿಸುತ್ತ ಹೋಗುವ ಒಂದು ಶೈಲಿ ಹೀಗೆ ಬಡತನದೊಳಗಿಂದ ಬೆಳೆಯಿತು.

ಓಣಿಯ ಕ್ಲಬ್ಬು ಎಂದರೆ ಒಂದು ಕಟ್ಟಡವೆಂದು ತಾವು ಕಲ್ಪಿಸಿಕೊಳ್ಳಬಾರದು. ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಎರಡು ಚೆಂಡು, ಗಾಳಿ ತುಂಬುವ ಪಂಪು, ಬ್ಲಾಡರಿಗೆ ಅಂಟಿಸುವ ತೇಪೆ, ಒಂದೇ ಬಣ್ಣದ ಹನ್ನೊಂದು ಅಂಗಿ. ಕಾರ್ಯದರ್ಶಿ ಯಾವುದಾದರೂ ಕಛೇರಿಯ ಗುಮಾಸ್ತ, ಇಲ್ಲವೆ ದರ್ಜಿ. ಸಮಿತಿಯ ಸಭೆ ನಡೆಯುವುದು ಚಹಾದ ಹೋಟೆಲಿನಲ್ಲಿ. ತಿಂಗಳ ಚಂದಾ ಕೊಡುವವರಲ್ಲಿ ಎಂದೂ ಚೆಂಡು ಮುಟ್ಟದವರೂ ಇರುತ್ತಾರೆ. ಆಡುವವನಿಗೆ ಪಂದ್ಯದ ದಿನ ಮಧ್ಯಾಹ್ನ ಯಾರ ಮನೆಯಲ್ಲಾದರೂ ಊಟವುಂಟು. ಆ ಕಾಲದ ಚರ್ಮದ ಚೆಂಡು ನೀರು ಕುಡಿದರೆ ಕಲ್ಲಿನಂತೆ ಭಾರವಾಗುತ್ತಿತ್ತು. ಅದಕ್ಕೆ ಕೊಬ್ಬು ಸವರಿ ಒಣಗಿಸಿಡುವ ಕೆಲಸ ಕಿರಿಯ ಹುಡುಗರದು. ಹೀಗೆ ಚೆಂಡನ್ನು ಕಾಯುತ್ತ ಕಾಯುತ್ತ ಹುಡುಗ ಮುಂದೆ ತಂಡದೊಳಕ್ಕೆ ಬರುತ್ತಿದ್ದ. ಸ್ಟೂಡೆಂಟ್ಸ್ ಯೂನಿಯನ್, ಜವಾಹರ್ ಯೂನಿಯನ್, ಬೆಂಗಳೂರು ಇಂಡಿಪೆಂಡೆಂಟ್ಸ್ ಮೊದಲಾಗಿ ಬೆಂಗಳೂರಿನ ಲೀಗಿನಲ್ಲಿ ಕಾಣುವ ಹೆಸರುಗಳನ್ನು ನೋಡಿದರೇ ಸಾಕು, ಅವುಗಳಿಗೆ ಹೆಸರಿಟ್ಟವರ ಆಶೆ ಆಕಾಂಕ್ಷೆಗಳೇನೆಂಬುದು ತಿಳಿಯುತ್ತದೆ.

ಇಂಥ ನೆಲದಿಂದ ಎದ್ದು ಬಂದ ತಂಡಗಳಲ್ಲಿ ಮೊದಲು ಹೇಳಬೇಕಾದುದು ಬೆಂಗಳೂರು ಮುಸ್ಲಿಮ್ಸ್ ತಂಡವನ್ನು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಶೀಲ್ಡ್ ಗೆದ್ದ ಸಂಗತಿ ದೇಶಕ್ಕೆಲ್ಲ ಗೊತ್ತು. ಬಂಗಾಳಿಗಳು ಅದನ್ನು ಸ್ವಾತಂತ್ರ್ಯ ಸಂಗ್ರಾಮದ ಒಂದು ಅಧ್ಯಾಯವೆಂಬಂತೆ ಬರೆದಿಟ್ಟರು, ಮಕ್ಕಳಿಗೆ ಹೇಳಿದರು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯ ಸಂಗತಿ ಅಷ್ಟಾಗಿ ತಿಳಿದುದಲ್ಲ. ನಾಲ್ಕು ದಶಕಗಳಿಗೂ ಮೀರಿ ಅದು ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊಟ್ಟಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಅಂತಿಮ ಪಂದ್ಯದ ಎದುರಾಳಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲ್ಕತ್ತೆಯ ಲೀಗನ್ನು ಗೆದ್ದ ಮಹಾತಂಡ. ಅದನ್ನು ನಮ್ಮ ದಂಡಿನ ಹುಡುಗರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ, 1938ರಲ್ಲಿ, ಮತ್ತೆ ಕಪ್ಪನ್ನು ಬೆಂಗಳೂರಿಗೇ ತಂದರು, 1948ರಲ್ಲಿ ಇನ್ನೊಮ್ಮೆ. ಕಲ್ಕತ್ತೆಯ 1911 ಪಾಠದ ವಸ್ತುವಾಯಿತು. ಬೆಂಗಳೂರಿನ 1937 ನಮ್ಮ ಯಾವ ವಾಚಿಕೆಯಲ್ಲೂ ನನಗೆ ಎದುರಾಗಲಿಲ್ಲ, ನಾನು ಪಾಠ ಹೇಳಿದ ವಾಚಿಕೆಗಳಲ್ಲಿಯೂ ಬರಲಿಲ್ಲ.

ದೇಶದ ಪ್ರಾಂತಗಳ ನಡುವೆ ಸಂತೋಷ್ ಟ್ರೋಫಿ ಪಂದ್ಯಾವಳಿ 1941ರಲ್ಲಿ ಆರಂಭವಾಯಿತು. ಮೈಸೂರು ಅದನ್ನು ನಾಲ್ಕು ಸಲ ಗೆದ್ದಿತು: 1946-47, 1952-53, 1967-68 ಮತ್ತು 1968-69. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳವೇ. ಇಲ್ಲೊಂದು ಸೂಕ್ಷ್ಮವುಂಟು. ಮೊದಲ ಗೆಲುವಿನ ಆ ಋತುವಿನಲ್ಲಿ ದಂಡು ಇನ್ನೂ ಬ್ರಿಟಿಷರ ಆಡಳಿತದಲ್ಲಿತ್ತು. ಅಂದರೆ ದಂಡಿನ ನೆಲ ಮೈಸೂರಿಗೆ ಸೇರುವ ಮೊದಲೇ ದಂಡಿನ ಹುಡುಗರು ಮೈಸೂರಿನ ಹೆಸರು ಹೊತ್ತು ಗೆದ್ದುಕೊಟ್ಟಿದ್ದರು. ಮನೆಯಲ್ಲಿ ತಮಿಳನ್ನೋ ದಖ್ಖನಿಯನ್ನೋ ಆಡುವ ತರುಣರು ಎದೆಯ ಮೇಲೆ ನಮ್ಮ ನಾಡಿನ ಹೆಸರನ್ನು ಧರಿಸಿ ಆಡಿದರು. ನಾಡಿನ ಏಕೀಕರಣವನ್ನು ಕುರಿತು ನಾವು ಎಷ್ಟೋ ಗ್ರಂಥಗಳನ್ನು ಬರೆದಿದ್ದೇವೆ. ಈ ಸಣ್ಣ ಏಕೀಕರಣಕ್ಕೂ ಅಲ್ಲೊಂದು ಅಡಿಯಾದರೂ ಜಾಗವಿರಬೇಕಾಗಿತ್ತು.

1948ರ ಜುಲೈ 31ರಂದು ಲಂಡನ್ನಿನ ಸಮೀಪದ ಇಲ್ಫರ್ಡ್‌ನಲ್ಲಿ ಸ್ವತಂತ್ರ ಭಾರತದ ತಂಡ ತನ್ನ ಮೊದಲ ಒಲಿಂಪಿಕ್ ಪಂದ್ಯವನ್ನು ಫ್ರಾನ್ಸಿನ ಮೇಲೆ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಕೊನೆಯ ಗಳಿಗೆಯಲ್ಲಿ ಒಂದಕ್ಕೆ ಎರಡು ಗೋಲುಗಳಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ಮುಂದೆ ಹತ್ತು ಗೋಲುಗಳ ಭಾರಿ ಸೋಲು. ಅಂದೂ ಭಾರತಕ್ಕೆ ಬಂದುದು ಒಂದೇ ಗೋಲು. ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲೂ ಎರಡನೆಯ ಗೋಲೂ ಹೀಗೆ ನಮ್ಮೂರಿನ ಕಾಲುಗಳಿಂದ ಬಂದವು. ಹೆಲ್ಸಿಂಕಿಯ ಆ ಸೋಲಿನ ಬಳಿಕ ಬರಿಗಾಲಿನ ಆಟಕ್ಕೆ ತೆರೆ ಬಿದ್ದು ಬೂಟು ಕಡ್ಡಾಯವಾಯಿತು.

ಅಹಮದ್ ಖಾನರ ವಿಷಯವನ್ನು ಎರಡು ಮಾತಿನಲ್ಲಾದರೂ ಹೇಳಬೇಕು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿನ ಮುಂಪಡೆಯ ಐವರನ್ನು, ಎಂದರೆ ಅಪ್ಪಾರಾವ್, ವೆಂಕಟೇಶ್, ಸಾಲೆ, ಧನರಾಜ್ ಮತ್ತು ಅಹಮದ್ ಖಾನರನ್ನು, ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು. ಒಬ್ಬ ಮುಸಲ್ಮಾನ ಆಟಗಾರನನ್ನು ಪಾಂಡವನೆಂದು ಕರೆಯಲು ಆ ಪ್ರೇಕ್ಷಕರಿಗೆ ಯಾವ ಸಂಕೋಚವೂ ತೋರಲಿಲ್ಲ. 1951ರ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿಯೂ ಅವರಿದ್ದರು. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹಿಂದೆ ಕೆಂಪಯ್ಯ ಬಂದರು; 1956ರಲ್ಲಿ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದವರು. ಅರುಮೈನಾಯಗಂ ಬಂದರು, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯವನ್ನು ಸೋಲಿಸಿ ಏಷ್ಯದ ಚಿನ್ನ ತಂದ ತಂಡದವರು.

ಜಕಾರ್ತಾ ಎಂದೊಡನೆ ಇಂಡೊನೇಷ್ಯದ ಸಂಗತಿಯೊಂದನ್ನು ಸ್ಮರಿಸುವುದು ಉಚಿತ. ಅರುಮೈನಾಯಗಂ ಅವರ ತಂಡ ಆಡಿದ ಸೆನಯಾನಿನ ಮಹಾಕ್ರೀಡಾಂಗಣವನ್ನು ಸೋವಿಯತ್ ನೆರವಿನಿಂದ ಆ ಕೂಟಕ್ಕಾಗಿಯೇ ಕಟ್ಟಿದ್ದರು. ಆದರೆ ಆ ದೇಶದ ಕಾಲ್ಚೆಂಡು ಅಂಥ ಕಟ್ಟಡಗಳಲ್ಲಿ ಹುಟ್ಟಿದ್ದಲ್ಲ. ಡಚ್ಚರ ಆಳ್ವಿಕೆಯಲ್ಲಿ, 1927ರಲ್ಲಿ, ಸುರಬಾಯ ನಗರದ ಸ್ಥಳೀಯರು ತಮ್ಮ ಒಕ್ಕೂಟವೊಂದನ್ನು ಕಟ್ಟಿಕೊಂಡರು. ಅದೇ ಇಂದಿನ ಪೆರ್ಸೆಬಾಯ. ನಗರದ ಕೇರಿ ಕೇರಿಗಳ ಸಣ್ಣ ಕ್ಲಬ್ಬುಗಳು ತಮ್ಮತಮ್ಮೊಳಗೆ ಆಡುವುದು, ಅವುಗಳಿಂದ ಆಯ್ದವರು ನಗರದ ಹೆಸರಿನಲ್ಲಿ ಹೊರಗೆ ಆಡುವುದು: ಇದು ಅಲ್ಲಿನ ಏರ್ಪಾಡು. ಅವರ ಹಳೆಯ ಕ್ರೀಡಾಂಗಣ ಊರ ನಡುವೆ, ತಂಬಾಕ್‌ಸಾರಿಯಲ್ಲಿದೆ. 1945ರ ನವೆಂಬರ್ 10ರ ಸ್ವಾತಂತ್ರ್ಯಸಮರದ ನೆನಪನ್ನು ಅದು ಹೆಸರಿನಲ್ಲಿಯೇ ಹೊತ್ತಿದೆ. 2010ರಲ್ಲಿ ಊರ ಹೊರವಲಯದಲ್ಲಿ ಇನ್ನೂ ದೊಡ್ಡದೊಂದು ಕ್ರೀಡಾಂಗಣ ಎದ್ದಿತು. ಪರಕೀಯರ ಆಟವನ್ನು ಕಲಿತು, ಅದರೊಳಗೆ ತಮ್ಮ ಊರನ್ನು ಕಂಡುಕೊಂಡ ರೀತಿಯಲ್ಲಿ ಸುರಬಾಯಕ್ಕೂ ನಮ್ಮ ದಂಡಿಗೂ ಸೋದರಸಂಬಂಧವಿದೆ. ಒಂದು ವ್ಯತ್ಯಾಸ ಮಾತ್ರ ಮುಖ್ಯವಾದುದು. ಅಲ್ಲಿ ಸಣ್ಣ ಕ್ಲಬ್ಬಿಗೂ ನಗರದ ದೊಡ್ಡ ತಂಡಕ್ಕೂ ನಡುವೆ ಮೆಟ್ಟಿಲುಗಳಿದ್ದವು. ನಮ್ಮಲ್ಲಿ ದೊಡ್ಡ ತಂಡವಾಗಿ ಬೆಳೆದುದು ಕಾರ್ಖಾನೆ.

ಹೌದು, ಕಾರ್ಖಾನೆ. 1940ರಲ್ಲಿ ವಿಮಾನದ ಕಾರ್ಖಾನೆ ಹೆಚ್.ಎ.ಎಲ್., 1948ರಲ್ಲಿ ದೂರವಾಣಿಯ ಕಾರ್ಖಾನೆ ಐ.ಟಿ.ಐ., 1964ರಲ್ಲಿ ಬಿ.ಇ.ಎಂ.ಎಲ್. ಹೀಗೆ ಒಂದೊಂದಾಗಿ ಬೆಂಗಳೂರಿನಲ್ಲಿ ಸರ್ಕಾರಿ ಉದ್ಯಮಗಳು ತಲೆಯೆತ್ತಿದವು. ಇವು ಕಾಲ್ಚೆಂಡಿನ ತಂಡಗಳನ್ನು ಸಾಕಿದವು. ಓಣಿಯ ಕ್ಲಬ್ಬಿನಲ್ಲಿ ಹೆಸರು ಮಾಡಿದ ಹುಡುಗನಿಗೆ ಕಾರ್ಖಾನೆಯಲ್ಲಿ ನೌಕರಿ. ಬೆಳಗಿನ ಹೊತ್ತು ಕೆಲಸ, ಮಧ್ಯಾಹ್ನದ ಮೇಲೆ ಅಭ್ಯಾಸ. ಚೆಂಡು ಒದೆಯುವ ಕಾಲು ಒಂದು ಕುಟುಂಬಕ್ಕೆ ತಿಂಗಳ ಸಂಬಳವನ್ನೂ ವಸತಿಗೃಹವನ್ನೂ ನಿವೃತ್ತಿವೇತನವನ್ನೂ ತಂದುಕೊಟ್ಟಿತು. ದಂಡಿನ ಎಷ್ಟೋ ಮನೆಗಳು ಒಂದು ತಲೆಮಾರಿನೊಳಗೆ ಮೇಲೆದ್ದು ನಿಂತುದು ಹೀಗೆ. ಕ್ರೀಡೆಯನ್ನು ಮನೋರಂಜನೆಯೆಂದು ಮಾತ್ರ ತಿಳಿದವರು ಈ ಅಂಶವನ್ನು ಗಮನಿಸಬೇಕು.

1980ರ ದಶಕದ ಮೊದಲಿನಲ್ಲಿ ನಾನು ಎಂ.ಎ. ಓದುತ್ತ ಬೆಂಗಳೂರಿನಲ್ಲಿದ್ದೆ. ಆಗ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ನನ್ನನ್ನು ಮೊದಲು ಕರೆದೊಯ್ದವರು ನಾನಿದ್ದ ವಠಾರದ ಒಬ್ಬ ಕಾರ್ಖಾನೆಯ ನೌಕರರು. ಅಶೋಕನಗರವೆಂದರೆ ಹಳೆಯ ಶೂಲೆಯೇ. ಸಿಮೆಂಟಿನ ಮೆಟ್ಟಿಲುಗಳ ಮೇಲೆ ಕುಳಿತವರಲ್ಲಿ ಹಿರಿಯರೇ ಹೆಚ್ಚು. ಕಡಲೆಕಾಯಿ ಸುಲಿಯುತ್ತ ನಾಲ್ಕು ಭಾಷೆಗಳಲ್ಲಿ ಆಟಗಾರರನ್ನು ತಿದ್ದುತ್ತಿದ್ದರು. ಹೊಗಳುವುದಕ್ಕೆ ತಮಿಳು, ಬಯ್ಯುವುದಕ್ಕೆ ದಖ್ಖನಿ, ರೆಫರಿಯ ತಪ್ಪನ್ನು ಎತ್ತಿ ಹೇಳುವುದಕ್ಕೆ ಇಂಗ್ಲಿಷು, ಪಕ್ಕದಲ್ಲಿ ಕುಳಿತ ನನ್ನಂಥ ಹೊಸಬನಿಗೆ ವಿವರಿಸುವುದಕ್ಕೆ ಕನ್ನಡ. ಯಾವ ಹುಡುಗ ಯಾರ ಮಗ, ಯಾವ ಓಣಿಯವನು, ಅವನ ಎಡಗಾಲಿನ ಒದೆತ ಯಾವ ಸೋದರಮಾವನಿಂದ ಬಂದದ್ದು ಎಂಬುದನ್ನೆಲ್ಲ ಅವರು ವಂಶಾವಳಿ ಓದಿದಂತೆ ಹೇಳುತ್ತಿದ್ದರು. ಭಾಷೆಗಳ ಸಹಬಾಳ್ವೆಯನ್ನು ಕುರಿತು ಆ ಮೇಲೆ ನಾನು ಕೇಳಿದ ಉಪನ್ಯಾಸಗಳು ಅನೇಕ. ಆ ಮೆಟ್ಟಿಲುಗಳ ಮೇಲೆ ಅದನ್ನು ಕಣ್ಣಾರೆ ಕಂಡಿದ್ದೆ.

ಮುಂದೆ ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಾಗ ನನ್ನ ತರಗತಿಗಳಿಗೆ ದಂಡಿನ ಹುಡುಗರೂ ಬರುತ್ತಿದ್ದರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಅವರಿಗೆ ಮೂರನೆಯ ಮಾತು. ‘ನನ್ನ ಊರು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಿರೆಂದಾಗ ಉಳಿದವರೆಲ್ಲ ಅಜ್ಜನ ಮನೆಯ ಹಳ್ಳಿ, ದೇವಸ್ಥಾನ, ಜಾತ್ರೆಗಳನ್ನು ವರ್ಣಿಸಿದರು. ಆಸ್ಟಿನ್ ಟೌನಿನ ಒಬ್ಬ ಹುಡುಗ ಒಂದು ಮೈದಾನವನ್ನು ಬಿಟ್ಟು ಬೇರೇನನ್ನೂ ಬರೆದಿರಲಿಲ್ಲ. ಬೆಳಿಗ್ಗೆ ಅಲ್ಲಿ ಯಾರು ಓಡುತ್ತಾರೆ, ಮಳೆ ಬಂದರೆ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ತಾತ ಸತ್ತ ದಿನ ಅವರ ಕ್ಲಬ್ಬಿನವರು ಮಧ್ಯದ ಗೆರೆಯ ಮೇಲೆ ಹೇಗೆ ಮೌನವಾಗಿ ನಿಂತರು, ಇಷ್ಟೇ. ಒತ್ತಕ್ಷರಗಳು ಅಡ್ಡಾದಿಡ್ಡಿ, ಮಹಾಪ್ರಾಣಗಳು ಒಂದೂ ಸರಿಯಿರಲಿಲ್ಲ. ಆದರೆ ಆ ಕಟ್ಟಿನಲ್ಲಿ ಊರೆಂಬುದೊಂದು ನಿಜವಾಗಿ ಇದ್ದ ಪ್ರಬಂಧ ಅದು. ಆಸ್ಟಿನ್ ಟೌನಿಗೆ ಈಗ ಸರ್ಕಾರಿ ಹೆಸರು ಕಿಟ್ಟೆಲ್ ನಗರವೆಂದು. ನಮಗೆ 1894ರಲ್ಲಿ ಕನ್ನಡ ನಿಘಂಟನ್ನು ಕೊಟ್ಟ ಪುಣ್ಯಾತ್ಮರ ಹೆಸರು ಇಂಥ ಹುಡುಗರ ಬಡಾವಣೆಗೆ ಬಂದುದು ಎಷ್ಟು ಸಮಂಜಸವೆಂದು ನನಗೆ ಆ ಪ್ರಬಂಧ ತಿದ್ದುವಾಗ ಅನ್ನಿಸಿತು.

ಹಲಸೂರಿನ ಹತ್ತಿರ ಗೌತಮಪುರವೆಂಬ ಕೇರಿಯಿದೆ. ಹಳೆಯ ಹೆಸರು ಗನ್ ಟ್ರೂಪ್ಸ್; ತೋಪುಗಳ ಪಡೆಯ ನೆನಪು. ಅಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೊಂದು ನಿಂತಿದೆ. ವಿಶ್ವಕಪ್ ಬಂದಾಗ ಓಣಿಯ ತುಂಬ ಬ್ರೆಜಿಲಿನ ಹಳದಿ ಹಸಿರು ಧ್ವಜಗಳು. ಹೊರಗಿನವರಿಗೆ ಇದೊಂದು ಕೌತುಕ. ಪತ್ರಿಕೆಗಳು ‘ಮಿನಿ ಬ್ರೆಜಿಲ್’ ಎಂದು ಬರೆಯುತ್ತವೆ. ಸ್ವಲ್ಪ ಯೋಚಿಸಿದರೆ ಅದರ ಅರ್ಥ ಸ್ಪಷ್ಟವಾಗುತ್ತದೆ. ಬಡಕೇರಿಯಲ್ಲಿ ಬೆಳೆದು, ಬೂಟು ಪಾಲಿಷ್ ಮಾಡಿ, ಚಿಂದಿಯ ಚೆಂಡು ಒದ್ದು ಜಗತ್ತಿನ ಗೌರವಕ್ಕೆ ಪಾತ್ರನಾದ ಕಪ್ಪು ಹುಡುಗನಲ್ಲಿ ಆ ಕೇರಿ ತನ್ನನ್ನು ಕಂಡುಕೊಂಡಿದೆ. ಅಂಬೇಡ್ಕರರ ಪಕ್ಕದಲ್ಲಿ ಪೆಲೆಯನ್ನು ನಿಲ್ಲಿಸಿದವರು ವಿಚಾರ ಮಾಡಿಯೇ ನಿಲ್ಲಿಸಿದ್ದಾರೆ.

ಈ ಪ್ರಪಂಚ ಮೆಲ್ಲಮೆಲ್ಲನೆ ಬದಲಾಯಿತು. 1983ರ ವಿಶ್ವಕಪ್ಪಿನ ಬಳಿಕ ಕ್ರಿಕೆಟ್ಟು ಹುಡುಗರ ಮನಸ್ಸನ್ನೆಲ್ಲ ಆವರಿಸಿತು. ಕಾರ್ಖಾನೆಗಳು ಕ್ರೀಡಾಪಟುಗಳನ್ನು ನೇಮಿಸಿಕೊಳ್ಳುವುದನ್ನು ಕಡಿಮೆ ಮಾಡಿದವು. ಹೆಚ್.ಎ.ಎಲ್. ತಂಡ 2012ರವರೆಗೂ ದೇಶದ ಉನ್ನತ ಲೀಗಿನಲ್ಲಿ ಆಡಿತು. ಆ ವರ್ಷ ಕೆಳಗಿಳಿಯಿತು. ಮರುವರ್ಷವೇ, 2013ರಲ್ಲಿ, ಬೆಂಗಳೂರು ಎಫ್.ಸಿ. ಎಂಬ ಖಾಸಗಿ ಕ್ಲಬ್ಬು ಹುಟ್ಟಿತು. ಅದು ತನ್ನ ಮೊದಲ ಋತುವನ್ನು ಅಶೋಕನಗರದ ಅದೇ ಹಳೆಯ ಸ್ಟೇಡಿಯಮ್ಮಿನಲ್ಲಿ ಆಡಿ, ಆ ಋತುವಿನಲ್ಲಿಯೇ ದೇಶದ ಲೀಗನ್ನು ಗೆದ್ದಿತು. ಅನಂತರ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ಬಾಯಿತು; ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತಿತು. ನೀಲಿ ಅಂಗಿ ತೊಟ್ಟು ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ತರುಣ ತರುಣಿಯರನ್ನು ನಾನು ಕಂಡಿದ್ದೇನೆ. ಪೇಟೆಯ ಮಕ್ಕಳೂ ದಂಡಿನ ಮಕ್ಕಳೂ ಬೇರೆ ಊರುಗಳಿಂದ ಬಂದು ನೆಲೆಸಿದವರ ಮಕ್ಕಳೂ ಅಲ್ಲಿ ಒಟ್ಟಿಗೆ ನಿಂತಿದ್ದಾರೆ. ಇದು ಸಂತೋಷದ ಸಂಗತಿಯೇ. ಹಳೆಯದನ್ನು ಹೊಗಳುವ ಭರದಲ್ಲಿ ಹೊಸದನ್ನು ಜರೆಯುವುದು ನನ್ನ ಉದ್ದೇಶವಲ್ಲ.

ಆದರೂ ಕ್ರೀ‌ಡಾಂಗಣ ಮತ್ತು ಮೈದಾನ ಇವು ಒಂದೇ ಅಲ್ಲವೆಂಬುದನ್ನು ಮರೆಯಲಾಗದು. ಕ್ರೀಡಾಂಗಣಕ್ಕೆ ಗೋಡೆಯುಂಟು, ಬಾಗಿಲುಂಟು, ಚೀಟಿಯುಂಟು. ಅಲ್ಲಿ ಸೇರುವವರಲ್ಲಿ ಒಬ್ಬರ ಗುರುತು ಇನ್ನೊಬ್ಬರಿಗಿರುವುದಿಲ್ಲ. 2022ರ ಅಕ್ಟೋಬರ್ 1ರಂದು ಇಂಡೊನೇಷ್ಯದ ಮಲಾಂಗಿನ ಕಂಜುರುಹಾನ್ ಕ್ರೀಡಾಂಗಣದಲ್ಲಿ, ಸ್ಥಳೀಯ ತಂಡ ಪೆರ್ಸೆಬಾಯಕ್ಕೆ ಸೋತ ಬಳಿಕ, ಪೊಲೀಸರು ಅಶ್ರುವಾಯು ಸಿಡಿಸಿದರು. ಜನ ಬಾಗಿಲುಗಳ ಕಡೆಗೆ ನುಗ್ಗಿ 135 ಮಂದಿ ಸತ್ತರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣದ ಬಾಗಿಲಿನ ಹೊರಗೆ ಹನ್ನೊಂದು ಜನ ತುಳಿತಕ್ಕೆ ಸಿಕ್ಕಿ ಪ್ರಾಣಬಿಟ್ಟರು. ಆಟದ ಭೇದ, ದೇಶದ ಭೇದ ಇರಬಹುದು. ಗೋಡೆ ದೊಡ್ಡದಾದಷ್ಟೂ ಬಾಗಿಲಿನ ಹೊಣೆ ದೊಡ್ಡದೆಂಬ ಮಾತು ಎರಡು ಕಡೆಗೂ ಒಂದೇ. ಓಣಿಯ ಮೈದಾನದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಿದ್ದ ಹುಡುಗನನ್ನು ಎತ್ತುವವನಿಗೆ ಅವನ ತಾಯಿಯ ಹೆಸರು ಗೊತ್ತಿರುತ್ತದೆ.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ನಮ್ಮ ರಾಜ್ಯದ ತಂಡ ಮೇಘಾಲಯವನ್ನು ಎರಡಕ್ಕೆ ಮೂರು ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಐವತ್ತನಾಲ್ಕು ವರ್ಷಗಳ ಮೇಲಿನ ಗೆಲುವು. ಹಿಂದಿನ ನಾಲ್ಕೂ ‘ಮೈಸೂರು’ ಎಂಬ ಹೆಸರಿನಲ್ಲಿ ಬಂದವು. ‘ಕರ್ನಾಟಕ’ ಎಂಬ ಹೆಸರಿನಲ್ಲಿ ಬಂದುದು ಇದೇ ಮೊದಲನೆಯದು. 1973ರ ನವೆಂಬರ್ 1ರಂದು ನಾಡಿಗೆ ಈ ಹೆಸರಾದುದನ್ನು ನೆನೆದರೆ, ನಾಮಕರಣದ ಐವತ್ತನೆಯ ವರ್ಷದಲ್ಲಿ ಈ ಗೆಲುವು ಕೈಸೇರಿತು. ಮರುದಿನ ನಮ್ಮೂರಿನ ಹೋಟೆಲಿನಲ್ಲಿ ಪತ್ರಿಕೆ ಓದುತ್ತಿದ್ದವರ ನಡುವೆ ಈ ಸುದ್ದಿ ಒಂದು ಲೋಟ ಕಾಫಿಯಷ್ಟು ಹೊತ್ತೂ ಉಳಿಯಲಿಲ್ಲ. ಅವರನ್ನು ದೂರುವಂತಿಲ್ಲ. ಹಿಂದಿನ ನಾಲ್ಕು ಗೆಲುವುಗಳ ಕಥೆಯನ್ನು ಯಾರಾದರೂ ಅವರಿಗೆ ಹೇಳಿದ್ದರೆ ತಾನೆ ಐದನೆಯದರ ಬೆಲೆ ತಿಳಿಯುವುದು?

ಕಥೆ ಹೇಳುವುದು ಸಾಹಿತ್ಯದವರ ಕೆಲಸ. ಬರಿಗಾಲಿನಲ್ಲಿ ಆಡಿದ ತಲೆಮಾರು ಮುಗಿದುಹೋಗಿದೆ. ಅವರ ಆಟವನ್ನು ಕಂಡವರು, ಅವರ ಕೈಯಿಂದ ಕಲಿತವರು ಇನ್ನೂ ಇದ್ದಾರೆ. ಮರ್ಫಿ ಟೌನಿನ, ಗೌತಮಪುರದ, ಆಸ್ಟಿನ್ ಟೌನಿನ ಮನೆಗಳ ಗೋಡೆಯ ಮೇಲೆ ತಂಡಗಳ ಛಾಯಾಚಿತ್ರಗಳು ತೂಗಾಡುತ್ತಿವೆ. ನಿಂತವರ ಹೆಸರು ಹೇಳಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಕ್ಲಬ್ಬುಗಳ ತಗಡಿನ ಪೆಟ್ಟಿಗೆಗಳಲ್ಲಿ ಲೆಕ್ಕದ ಪುಸ್ತಕಗಳಿವೆ, ಸಭೆಗಳ ನಡವಳಿಗಳಿವೆ. ಶಾಸನಗಳನ್ನೂ ತಾಳೆಗರಿಗಳನ್ನೂ ಊರೂರು ಅಲೆದು ಸಂಗ್ರಹಿಸಿದ ವಿದ್ವಾಂಸರ ಪರಂಪರೆ ನಮ್ಮದು. ಜನಪದ ಹಾಡುಗಳನ್ನು ಬರೆದುಕೊಳ್ಳಲು ಹಳ್ಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಬೆಂಗಳೂರಿನ ಈ ಓಣಿಗಳಿಗೂ ಹೋಗಿ ಕುಳಿತು ಕೇಳಬೇಕು. ಹೇಳುವವರು ತಮಿಳಿನಲ್ಲಿ ಹೇಳಲಿ, ದಖ್ಖನಿಯಲ್ಲಿ ಹೇಳಲಿ, ಬರೆದಿಡುವುದು ಕನ್ನಡದಲ್ಲಾಗಲಿ. ಅವರು ಗೆದ್ದುಕೊಟ್ಟದ್ದು ನಮ್ಮ ಹೆಸರಿಗೆ.

ಇನ್ನೊಂದು ಮಾತು ನೆಲಕ್ಕೆ ಸಂಬಂಧಿಸಿದ್ದು. ಅದು ಬೆಂಗಳೂರಿಗೆ ಎಷ್ಟು ಅನ್ವಯಿಸುತ್ತದೆಯೋ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೂ ಅಷ್ಟೇ. ಶಾಲೆಗೆ ಹೊಸ ಕೊಠಡಿ ಬೇಕಾದಾಗ, ಊರಿಗೆ ಸಮುದಾಯ ಭವನ ಬೇಕಾದಾಗ, ನೀರಿನ ತೊಟ್ಟಿ ಬೇಕಾದಾಗ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಖಾಲಿಯಾಗಿ ತೋರುವ ಮೈದಾನ. ಆ ಕಟ್ಟಡಗಳೆಲ್ಲ ಬೇಕಾದವೇ. ಅವುಗಳಿಗೆ ಬೇರೆ ಜಾಗ ಹುಡುಕುವುದು ಕಷ್ಟವಾದರೂ ಅಸಾಧ್ಯವಲ್ಲ. ಒಮ್ಮೆ ಹೋದ ಸಮನೆಲವನ್ನು ಮಲೆನಾಡಿನಲ್ಲಿ ಮತ್ತೆ ಮಾಡುವುದು ಅಸಾಧ್ಯ. ಮುಂದಿನ ಸಲ ತಮ್ಮೂರಿನ ಪಂಚಾಯಿತಿಯಲ್ಲಿಯೋ ಶಾಲಾ ಸಮಿತಿಯಲ್ಲಿಯೋ ಇಂಥ ಪ್ರಸ್ತಾಪ ಬಂದಾಗ, ಸಂಜೆಯ ಹೊತ್ತು ಅಲ್ಲಿ ಆಡುವ ಮಕ್ಕಳನ್ನು ಎಣಿಸಿ ನೋಡಿ, ಆಮೇಲೆ ಕೈಯೆತ್ತಬೇಕೆಂದು ತಮ್ಮಲ್ಲಿ ನನ್ನ ವಿನಂತಿ.